ಮುಕ್ಕಾಲು ಗೊತ್ತು, ಮೂರು ಬೈ ನಾಲ್ಕು ಗೊತ್ತಿಲ್ಲ

ಕಳೆದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಉಪ್ಪಿಟ್ಟಿನ ತಯಾರಿ ನಡೆದಿತ್ತು. ಅಕ್ಕ ರವೆ ಹುರಿಯುತ್ತಾ ಮಗಳನ್ನು ಕರೆದು, "ಎರಡೂಮುಕ್ಕಾಲು ಲೋಟ ನೀರು ಅಳೆದು ಕುದಿಯೋಕೆ ಇಡೇ" ಅಂದಳು. ಹುಡುಗಿ ಐದನೇ ಕ್ಲಾಸು. ಎರಡು ಲೋಟ ತುಂಬಿ ಸುರಿದಳು. ಮೂರನೆಯದನ್ನು ಕಣ್ಣೆತ್ತರಕ್ಕೆ ಹಿಡಿದು ನೋಡಿದಳು. ಜಾಸ್ತಿ ಆಯ್ತು ಅನ್ನಿಸಿತೇನೋ, ಒಂದು ಚಮಚದಷ್ಟು ಸಿಂಕಿಗೆ ಚೆಲ್ಲಿ ಮಿಕ್ಕಿದ್ದನ್ನು ಪಾತ್ರೆಗೆ ಹಾಕಿದಳು. ಉಪ್ಪಿಟ್ಟು ಹದವಾಗಿಯೇ ಬಂತು.

ತಿಂಡಿ ಆದ ಮೇಲೆ ಹೋಮ್‌ವರ್ಕ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು. "ಮಾಮ, ಮೂರು ಬೈ ನಾಲ್ಕು ದೊಡ್ಡದಾ, ಐದು ಬೈ ಎಂಟು ದೊಡ್ಡದಾ?"

"ನಿಂಗೇನನ್ಸುತ್ತೆ?"

"ಐದು ಬೈ ಎಂಟು. ಮೂರಕ್ಕಿಂತ ಐದು ದೊಡ್ಡದು, ನಾಲ್ಕಕ್ಕಿಂತ ಎಂಟು ದೊಡ್ಡದು."

ಅದೇ ಲೋಟ ತಂದು ಅವಳ ಕೈಗೆ ಕೊಟ್ಟೆ. ಮುಕ್ಕಾಲು ಎಲ್ಲಿವರೆಗೆ ಬರುತ್ತೆ ತೋರಿಸು ಅಂದೆ. ತಡಮಾಡದೆ ಬೆರಳಿಟ್ಟಳು. ಮುಕ್ಕಾಲು ಅಂದ್ರೇನು ಅಂತ ಕೇಳಿದರೆ, "ಮುಕ್ಕಾಲು ಅಂದ್ರೆ ಮುಕ್ಕಾಲು ಮಾಮ" ಅಂದಳು. ಪದ ಒಡೆದು ನೋಡು ಅಂದೆ. "ಮೂರು... ಕಾಲು." ಕಾಲು ಅಂದ್ರೆ? "ನಾಲ್ಕರಲ್ಲಿ ಒಂದು." ಹಾಗಂದವಳು ಒಂದು ಗಳಿಗೆ ಸುಮ್ಮನಾದಳು. ಪುಸ್ತಕದ 3/4 ಕಡೆ ನೋಡಿದಳು. "ಇದು ಮುಕ್ಕಾಲಾ? ಹಾಗಂತ ಮೊದಲೇ ಹೇಳೋಕೆ ಏನಾಗಿತ್ತು ಇವ್ರಿಗೆ!"

ಸೋಫಾದ ತುದಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ನಮ್ಮಮ್ಮ ನಕ್ಕರು. "ಇದೇನು, ಹನ್ನೆರಡಾಣೆ ಜಾಸ್ತಿನೋ ಹತ್ತಾಣೆ ಜಾಸ್ತಿನೋ ಅಂತ ಕೇಳಿದ ಹಾಗಾಯ್ತು."

ನನಗೆ ತಟ್ಟನೆ ಹೊಳೆಯಲಿಲ್ಲ. ರೂಪಾಯಿಗೆ ಹದಿನಾರಾಣೆ. ಅದರ ಮುಕ್ಕಾಲು ಹನ್ನೆರಡಾಣೆ. ಎಂಟರಲ್ಲಿ ಐದು ಭಾಗ ಅಂದರೆ ಹತ್ತಾಣೆ. ಲಸಾಅ ತೆಗೆದು ಛೇದ ಸಮ ಮಾಡಿ ಅಂತ ಮೇಷ್ಟ್ರು ಬೋರ್ಡಿನ ಮೇಲೆ ಮಾಡಿಸುವ ಕೆಲಸವನ್ನು ಅಮ್ಮ ಕಾಸಿನ ಲೆಕ್ಕದಲ್ಲಿ ಮುಗಿಸಿದ್ದರು. ನಮ್ಮ ದೇಶದಲ್ಲಿ ಆಣೆ ಹೋಗಿ ನೂರು ಪೈಸೆಯ ರೂಪಾಯಿ ಬಂದದ್ದು 1957ರ ಏಪ್ರಿಲ್ 1ರಂದು. ಅಮ್ಮ ಆಗ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದರು. ಆದರೂ ಹದಿನಾರು ಭಾಗದ ಆ ರೂಪಾಯಿ ಅವರ ತಲೆಯೊಳಗೆ ಇನ್ನೂ ಚಲಾವಣೆಯಲ್ಲಿದೆ.

ಒಂದೇ ಮನೆಯೊಳಗೆ ಮೂರು ಭಿನ್ನರಾಶಿ. ಅಡುಗೆಮನೆಯದ್ದು ಒಂದು, ಅಜ್ಜಿಯದ್ದು ಒಂದು, ಪುಸ್ತಕದ್ದು ಒಂದು. ಮೂರಕ್ಕೂ ಒಂದಕ್ಕೊಂದು ಪರಿಚಯವೇ ಇರಲಿಲ್ಲ.

ಈಗ ಎಲ್ಲೆಲ್ಲೂ ಇದೇ ಮಾತು. ಗಣಿತವನ್ನು ಬದುಕಿಗೆ ಹತ್ತಿರ ತರಬೇಕು, ಬಾಯಿಪಾಠ ಬಿಡಿಸಬೇಕು, ಮಕ್ಕಳ ಸುತ್ತಲಿನ ಸಂಗತಿಯಿಂದ ಶುರು ಮಾಡಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೀಗೆ ಹೇಳಿತು. 2023ರ ಪಠ್ಯಕ್ರಮದ ಚೌಕಟ್ಟೂ ಹೇಳಿತು. ಅದಕ್ಕೆ ಹೊಂದಿಕೊಂಡು 2024ರಲ್ಲಿ ಎನ್‌ಸಿಇಆರ್‌ಟಿ ಆರನೇ ತರಗತಿಗೆ 'ಗಣಿತ ಪ್ರಕಾಶ್' ತಂದಿತು. ಅದರ ಮೊದಲ ಪಾಠವೇ ವಿನ್ಯಾಸಗಳ ಬಗ್ಗೆ. ಸಿಬಿಎಸ್‌ಇ ತನ್ನ ಪರೀಕ್ಷೆಗಳಲ್ಲಿ ಕಲಿತದ್ದನ್ನು ಬಳಸಿ ತೋರಿಸುವಂಥ ಪ್ರಶ್ನೆಗಳನ್ನು ಅರ್ಧದಷ್ಟು ಮಾಡಿದೆ. ಹಾಗೆ ನೋಡಿದರೆ ಮಾತು ಹೊಸದೇನಲ್ಲ. 2005ರ ಚೌಕಟ್ಟಿನಲ್ಲೂ ಇತ್ತು. ನಮ್ಮ ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗಲೂ ಅದರ ಬೆನ್ನಿಗೆ ಇಂಥದೇ ಯೋಚನೆ ಇತ್ತು.

ಮಾತಿಗೆ ಯಾರ ತಕರಾರೂ ಇಲ್ಲ. ತೊಡಕಿರುವುದು ಅದನ್ನು ಅರ್ಥ ಮಾಡಿಕೊಂಡ ರೀತಿಯಲ್ಲಿ. ಲೆಕ್ಕದೊಳಗೆ ಮಾವಿನಹಣ್ಣು, ಆಟೋ, ಸೂಪರ್‌ಮಾರ್ಕೆಟ್ ತುರುಕಿದರೆ ಅದು ಬದುಕಿನ ಗಣಿತ ಆಗಿಬಿಡುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಅದು ಸಾಲದು. ಬದುಕಿನ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ನಡುವೆ ಒಂದು ಸೇತುವೆ ಬೇಕು. ಅದನ್ನು ಯಾರಾದರೂ ಕೂತು ಕಟ್ಟಬೇಕು.

ಸುಮ್ನೆ ಹೇಳುತ್ತಿಲ್ಲ. ಇದಕ್ಕೆ ಒಳ್ಳೆಯ ಪುರಾವೆ ಇದೆ.

ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಮನೋವಿಜ್ಞಾನಿ ಎಲಿಜಬೆತ್ ಸ್ಪೆಲ್ಕೆ ಮತ್ತು ಸಂಗಡಿಗರ ಒಂದು ಅಧ್ಯಯನ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ 1,436 ಮಕ್ಕಳನ್ನು ಅವರು ಮಾತಾಡಿಸಿದರು. ಸಾಮಾನ್ಯ ಗಿರಾಕಿಯ ಹಾಗೆ ಹೋಗುವುದು, ಕಿಲೋಗೆ 20 ರೂಪಾಯಿಯ ಆಲೂಗಡ್ಡೆ 800 ಗ್ರಾಂ, ಕಿಲೋಗೆ 15 ರೂಪಾಯಿಯ ಈರುಳ್ಳಿ ಒಂದು ಕಿಲೋ 400 ಗ್ರಾಂ ಕೇಳುವುದು, 200ರ ನೋಟು ಕೊಟ್ಟು ಚಿಲ್ಲರೆಗೆ ಕಾಯುವುದು. ಮಕ್ಕಳು 37 ಅಂತ ಕೂಡಿ 163 ವಾಪಸ್ ಕೊಡುತ್ತಿದ್ದರು. ಪೆನ್ನಿಲ್ಲ, ಕಾಗದವಿಲ್ಲ. ಹೆಚ್ಚುಕಮ್ಮಿ ಎಲ್ಲ ಮಕ್ಕಳೂ ಇಂಥ ಲೆಕ್ಕವನ್ನು ಸಲೀಸಾಗಿ ಮಾಡಿದರು. ಆಮೇಲೆ ಇಷ್ಟೇ ಕಷ್ಟದ, ಇದಕ್ಕಿಂತ ಸುಲಭದ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಬರೀ ಅಂಕಿಗಳಲ್ಲಿ ಬರೆದು ಮುಂದಿಟ್ಟರು. ಅದೇ ಮಕ್ಕಳು ತಡಬಡಾಯಿಸಿದರು.

ಇಷ್ಟಕ್ಕೇ ನಿಂತಿದ್ದರೆ "ನೋಡಿ, ಶಾಲೆಗಿಂತ ಸಂತೆಯೇ ವಾಸಿ" ಅಂತ ಹೇಳಿ ಮುಗಿಸಬಹುದಿತ್ತು. ಅವರು ಇನ್ನೊಂದು ಕೆಲಸ ಮಾಡಿದರು. ಸುತ್ತಲಿನ ಶಾಲೆಗಳಲ್ಲಿ ಓದುವ, ವ್ಯಾಪಾರದ ಗಂಧವಿಲ್ಲದ 471 ಮಕ್ಕಳನ್ನೂ ಪರೀಕ್ಷಿಸಿದರು. ಅಂಕಿಗಳ ಸರಳ ಲೆಕ್ಕದಲ್ಲಿ ಇವರು ಮುಂದೆ. ಆದರೆ ಮಾರುಕಟ್ಟೆಯ ಇನ್ನೊಂದು ಲೆಕ್ಕ ಕೊಟ್ಟಾಗ ಸರಿ ಮಾಡಿದವರು ನೂರಕ್ಕೆ ಒಬ್ಬರು ಮಾತ್ರ. ಅದೇ ಲೆಕ್ಕವನ್ನು ಕೆಲಸ ಮಾಡುವ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಬಿಡಿಸಿದ್ದರು. ಅಂದರೆ ಸಂತೆಯಿಂದ ಶಾಲೆಗೆ ದಾರಿಯಿಲ್ಲ, ಶಾಲೆಯಿಂದ ಸಂತೆಗೂ ಇಲ್ಲ.

ನಲವತ್ತು ವರ್ಷದ ಹಿಂದೆಯೇ ಬ್ರೆಜಿಲ್‌ನ ರೆಸಿಫೆ ಊರಿನಲ್ಲಿ ಟೆರೆಜಿನ್ಹಾ ನುನೆಸ್ ಮತ್ತು ಜೊತೆಗಾರರು ಇಂಥದನ್ನೇ ಕಂಡಿದ್ದರು. ಅವರ ಲೇಖನ ಬಂದದ್ದು 1985ರಲ್ಲಿ. ಅಲ್ಲಿ ನೋಡಿದ್ದು ಐದೇ ಮಕ್ಕಳನ್ನು. ಬೀದಿಯಲ್ಲಿ ಕೇಳಿದ ಲೆಕ್ಕಗಳಲ್ಲಿ ಶೇ 98 ಸರಿ. ಅದೇ ಅಂಕಿಗಳನ್ನು ಬರೀ ಗುಣಾಕಾರ, ಕಳೆಯುವ ಲೆಕ್ಕವಾಗಿ ಕೊಟ್ಟರೆ ಶೇ 37. ಎಳನೀರು ಕಾಯಿ ಮಾರುವ ಹನ್ನೆರಡು ವರ್ಷದ ಹುಡುಗನನ್ನು, ಒಂದಕ್ಕೆ 35 ಆದರೆ ಹತ್ತಕ್ಕೆ ಎಷ್ಟು ಅಂತ ಕೇಳಿದರು. ಅವನು ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಮತ್ತೆ ಮೂರು ಸೇರಿ 315, ಇನ್ನೊಂದು ಸೇರಿ 350 ಅಂತ ಏಣಿ ಹತ್ತಿದ ಹಾಗೆ ಹತ್ತಿದ. ಹತ್ತರಿಂದ ಗುಣಿಸೋಕೆ ಮುಂದೆ ಒಂದು ಸೊನ್ನೆ ಹಾಕಿದರೆ ಮುಗೀತು ಅನ್ನುವ ಉಪಾಯವನ್ನು ಅವನು ಬಳಸಲೇ ಇಲ್ಲ.

ನಮ್ಮ ಬೀದಿಯ ಸೊಪ್ಪಿನ ಗಾಡಿಯವರದ್ದೂ ಇದೇ ಏಣಿ. ಕಿಲೋಗೆ ಅರವತ್ತಿರುವ ಹುರುಳಿಕಾಯಿ 350 ಗ್ರಾಂ ತೂಗಿತು ಅಂದುಕೊಳ್ಳಿ. "ಕಾಲು ಕೇಜಿಗೆ ಹದಿನೈದು, ನೂರಕ್ಕೆ ಆರು, ಇಪ್ಪತ್ತೊಂದು ಕೊಡಿ ಸಾರ್." 0.35ನ್ನು 60ರಿಂದ ಗುಣಿಸುವ ಯೋಚನೆ ಅಲ್ಲಿಲ್ಲ. ಒಂದು ಮೊತ್ತವನ್ನು ತನಗೆ ಬೇಕಾದ ಹಾಗೆ ಒಡೆದು, ತುಂಡು ತುಂಡಾಗಿ ಲೆಕ್ಕ ಹಾಕಿ, ಮತ್ತೆ ಕೂಡಿಸುವುದು. ಏಳನೇ ಕ್ಲಾಸಿನ ಪುಸ್ತಕ ಇದಕ್ಕೆ ವಿಭಾಜಕ ನಿಯಮ ಅಂತ ದೊಡ್ಡ ಹೆಸರಿಟ್ಟಿದೆ. ಆ ಪಾಠ ಮಾಡುವಾಗ ಗಾಡಿಯವರ ನೆನಪು ಯಾರಿಗೂ ಆಗುವುದಿಲ್ಲ, ಅದೇ ಬೇಜಾರು.

ಸರಿ, ಶಾಲೆಯ ಮಕ್ಕಳ ಕಡೆ ಏನಾಗಿದೆ? ಅವರಿಗೆ ಲೆಕ್ಕ ಬರುತ್ತದೆ, ಲೆಕ್ಕ ಯಾವುದರ ಬಗ್ಗೆ ಅನ್ನುವುದು ಮರೆತುಹೋಗುತ್ತದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1980ರ ಸುಮಾರಿಗೆ ಮಕ್ಕಳಿಗೆ ಒಂದು ತರಲೆ ಪ್ರಶ್ನೆ ಕೊಟ್ಟರು. ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಹಡಗಿನ ಕ್ಯಾಪ್ಟನ್ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಕೊಟ್ಟ ಅಂಕಿಗಳಿಂದ ಏನೋ ಒಂದು ಉತ್ತರ ತೆಗೆದರು. ನಗಬೇಡಿ. ಸುಮಾರು ಅದೇ ಕಾಲಕ್ಕೆ ಅಮೆರಿಕದ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಹದಿಮೂರರ ಮಕ್ಕಳಿಗೆ ಹೀಗೆ ಕೇಳಿದ್ದರು: 1,128 ಸೈನಿಕರಿದ್ದಾರೆ, ಒಂದು ಬಸ್ಸಿಗೆ 36 ಜನ, ಎಷ್ಟು ಬಸ್ ಬೇಕು? ಶೇ 29ರಷ್ಟು ಮಕ್ಕಳ ಉತ್ತರ "31, ಶೇಷ 12". ಶೇಷ 12 ಅಂದರೆ ರಸ್ತೆ ಬದಿ ನಿಂತ ಹನ್ನೆರಡು ಜನ ಸೈನಿಕರು! 32 ಅಂತ ಬರೆದವರು ಶೇ 23 ಮಾತ್ರ.

ಈ ಮಕ್ಕಳು ದಡ್ಡರಲ್ಲ. ಅವರು ಶಾಲೆಯ ಒಂದು ಒಳಗುಟ್ಟು ಕಲಿತಿದ್ದಾರೆ. ಲೆಕ್ಕದ ಮೇಷ್ಟ್ರು ಕಥೆ ಹೇಳಿದರೆ ಅದನ್ನು ಕಥೆ ಅಂತ ನಂಬಬಾರದು. ಅಂಕಿ ಹುಡುಕು, "ಒಟ್ಟು" ಅಂತಿದ್ದರೆ ಕೂಡು, "ಉಳಿದದ್ದು" ಅಂತಿದ್ದರೆ ಕಳೆ, ಉತ್ತರಕ್ಕೆ ಅಡಿಗೆರೆ ಎಳೆ. ಕಥೆ ಬರೀ ಹೊದಿಕೆ ಅಂತ ಅವರಿಗೆ ಗೊತ್ತು. ಮೊನ್ನೆ ಒಂದು ಗೈಡ್ ಪುಸ್ತಕ ತಿರುವಿ ಹಾಕಿದೆ. ಅದರ ಧಾಟಿ ಹೇಗಿತ್ತು ಅಂದರೆ, ರಮೇಶ ಒಬ್ಬ ಪರಿಸರಪ್ರೇಮಿ, ಅವನು ತನ್ನ ಊರಿನಲ್ಲಿ ಉದ್ಯಾನ ಮಾಡಿಸಿದ, ಆ ಉದ್ಯಾನದ ಉದ್ದ ಎಕ್ಸ್ ಪ್ಲಸ್ ಮೂರು, ಅಗಲ ಎಕ್ಸ್ ಮೈನಸ್ ಎರಡು. ಯಾವ ಊರಿನ ಯಾವ ಗಾರೆಯವರು ಎಕ್ಸ್ ಮೈನಸ್ ಎರಡು ಅಡಿ ಪಾಯ ತೋಡಿದ್ದಾರೆ ಹೇಳಿ! ಮಗು ಆರು ಸಾಲು ಓದಿ, ಆರನ್ನೂ ಎಸೆದು, ಏಳನೇ ಸಾಲಿನ ಸಮೀಕರಣ ಬಿಡಿಸುತ್ತದೆ. ಕನ್ನಡದ ಮನೆಯಿಂದ ಇಂಗ್ಲಿಷ್ ಮೀಡಿಯಂಗೆ ಹೋದ ಮಗುವಾದರೆ ಆ ಆರು ಸಾಲಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿಗೆ ಗಣಿತದ ಪರೀಕ್ಷೆ ಹೋಗಿ ಇಂಗ್ಲಿಷ್ ಪರೀಕ್ಷೆ ಆಯಿತು.

ಈ ವಿಷಯದಲ್ಲಿ ಡಚ್ಚರ ಒಂದು ಪದ ನನಗಿಷ್ಟ. ನೆದರ್ಲೆಂಡ್ಸಿನಲ್ಲಿ ಹಾನ್ಸ್ ಫ್ರಾಯ್ಡೆಂಥಾಲ್ ಅನ್ನುವ ಗಣಿತಜ್ಞರ ಪ್ರಭಾವದಿಂದ 1970ರ ದಶಕದಲ್ಲಿ ಒಂದು ಬೋಧನಾ ಕ್ರಮ ಬೆಳೆಯಿತು. ಹೊರಗಿನವರು ಅದನ್ನು ವಾಸ್ತವದ ಗಣಿತ ಅಂತ ಕರೆದರು. ಆದರೆ ಅದರ ಹೆಸರಿನ ಹಿಂದಿರುವ ಡಚ್ ಕ್ರಿಯಾಪದಕ್ಕೆ ಕಣ್ಣಮುಂದೆ ತಂದುಕೊಳ್ಳುವುದು, ಊಹಿಸಿಕೊಳ್ಳುವುದು ಅಂತ ಅರ್ಥ. ಸಂಗತಿ ನಿಜವಾಗಿ ನಡೆದಿರಬೇಕೆಂದೇನಿಲ್ಲ. ಮಗುವಿನ ಮನಸ್ಸಿಗೆ ಅದು ನಿಜ ಅನ್ನಿಸಬೇಕು. ರಾಕ್ಷಸನ ಕಾಲಿನ ಚಪ್ಪಲಿ ಇಷ್ಟುದ್ದ ಇದ್ದರೆ ಅವನು ಎಷ್ಟೆತ್ತರ ಇದ್ದಾನು ಅನ್ನುವುದು ಐದನೇ ಕ್ಲಾಸಿಗೆ ಪಕ್ಕಾ ಬದುಕಿನ ಲೆಕ್ಕ. ಗೃಹಸಾಲದ ಬಡ್ಡಿ ಅಲ್ಲ.

ಉಪಯೋಗದ ಹುಚ್ಚು ನಮಗೆ ಸ್ವಲ್ಪ ಜಾಸ್ತಿ ಅಂತ ನನ್ನ ಅನಿಸಿಕೆ. "ಬೀಜಗಣಿತ ನನ್ನ ಜೀವನದಲ್ಲಿ ಎಲ್ಲಿ ಬಂತು" ಅಂತ ವಾಟ್ಸ್ಯಾಪಿನಲ್ಲಿ ಜೋಕು ಬರುತ್ತಲೇ ಇರುತ್ತದೆ. ಅದಕ್ಕೆ ಉತ್ತರ ಕೊಡಲು ಹೋಗಿ ನಾವು ಮಕ್ಕಳಿಗೆ ಜಿಎಸ್‌ಟಿ, ಇಎಂಐ ಅಂತ ಶುರು ಮಾಡುತ್ತೇವೆ. ಹತ್ತು ವರ್ಷದ ಮಗುವಿಗೆ ಇಎಂಐ ಯಾಕೆ ಬೇಕು? ಮಕ್ಕಳಿಗೆ ಬೇಕಾದ್ದು ಬೇರೆ. ಯಾರ ಪಾಲು ದೊಡ್ಡದು, ಆಟದಲ್ಲಿ ಮೋಸ ಆಯ್ತಾ, ಯಾವುದು ಎಲ್ಲಕ್ಕಿಂತ ಎತ್ತರ, ಇದು ಹೀಗೇ ಯಾಕಾಗುತ್ತೆ.

ದೋಸೆಯನ್ನೇ ತಗೊಳ್ಳಿ. ಆರಿಂಚಿನ ಎರಡು ದೋಸೆ ಬೇಕಾ, ಒಂಬತ್ತಿಂಚಿನ ಒಂದು ದೋಸೆ ಬೇಕಾ ಅಂತ ಕೇಳಿ. ಹೆಚ್ಚಿನವರು ಎರಡು ಅನ್ನುತ್ತಾರೆ. ಆರಾರಲಿ ಮೂವತ್ತಾರು, ಎರಡು ಸಲ ಎಪ್ಪತ್ತೆರಡು. ಒಂಬತ್ತೊಂಬತ್ಲಿ ಎಂಬತ್ತೊಂದು. ಒಂದೇ ದೋಸೆ ದೊಡ್ಡದು! ಹೋಲಿಸುವಾಗ ಪೈ ಎರಡೂ ಕಡೆ ಇರುವುದರಿಂದ ಅದನ್ನು ಬಿಟ್ಟುಬಿಡಬಹುದು. ಮಗು ನಂಬದಿದ್ದರೆ ಹಿಟ್ಟು ಇದೆಯಲ್ಲ. ಒಂದೇ ದಪ್ಪಕ್ಕೆ ಹುಯ್ದರೆ ಆರಿಂಚಿಗೆ ಒಂದು ಸೌಟು ಸಾಕು, ಹನ್ನೆರಡಿಂಚಿಗೆ ನಾಲ್ಕು ಸೌಟು ಬೇಕು. ಅಡ್ಡಳತೆ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟು ಅನ್ನುವುದು ಕಾವಲಿಯ ಮೇಲೆ ಕಾಣುತ್ತದೆ, ಆಮೇಲೆ ತಿನ್ನಲೂಬಹುದು. ರಮೇಶನ ಉದ್ಯಾನಕ್ಕೂ ಇದಕ್ಕೂ ಇರುವ ಫರಕು ಇಷ್ಟೇ. ಇಲ್ಲಿ ಉತ್ತರ ಸರಿಯೋ ತಪ್ಪೋ ಅಂತ ಹೇಳಲು ಮೇಷ್ಟ್ರು ಬೇಕಾಗಿಲ್ಲ, ಪುಸ್ತಕದ ಕೊನೇ ಪುಟವೂ ಬೇಕಾಗಿಲ್ಲ.

ಅಳತೆಯದ್ದು ಇನ್ನೂ ಮಜವಾದ ಕಥೆ. ಹಳ್ಳಿ ಮಕ್ಕಳ ಕಲಿಕೆಯನ್ನು ನೋಡುವ ಅಸರ್ ಸಮೀಕ್ಷೆಯವರು 2023ರಲ್ಲಿ 14ರಿಂದ 18 ವರ್ಷದವರ ದಿನಬಳಕೆಯ ಲೆಕ್ಕ ನೋಡಿದರು. ನಮ್ಮ ರಾಜ್ಯದಿಂದ ಮೈಸೂರು ಜಿಲ್ಲೆ ಅದರಲ್ಲಿತ್ತು. ವಸ್ತುವಿನ ಒಂದು ತುದಿ ಸ್ಕೇಲಿನ ಸೊನ್ನೆಯ ಮೇಲಿದ್ದಾಗ ಸುಮಾರು ಶೇ 85 ಮಂದಿ ಉದ್ದ ಸರಿಯಾಗಿ ಹೇಳಿದರು. ವಸ್ತುವನ್ನು ಸ್ವಲ್ಪ ಸರಿಸಿ, ಸೊನ್ನೆ ಬಿಟ್ಟು ಬೇರೆ ಕಡೆಯಿಂದ ಶುರು ಮಾಡಿದರೆ ಸರಿ ಹೇಳಿದವರು ಶೇ 39. ಯಾಕೆ? ಅಳೆಯುವುದು ಅಂದರೆ ತುದಿಯಲ್ಲಿರುವ ಅಂಕಿ ಓದುವುದು ಅಂತ ಅವರು ಕಲಿತಿದ್ದಾರೆ. ನಡುವೆ ಎಷ್ಟು ಜಾಗ ಇದೆ ಅನ್ನುವುದೇ ಅಳತೆ ಅಂತ ಯಾರೂ ತೋರಿಸಿಲ್ಲ.

ಹೂವಿನವರ ಹತ್ತಿರ ಎರಡು ನಿಮಿಷ ನಿಂತರೆ ಇದು ಕಾಣುತ್ತದೆ. ಮೊಳ ಹಾಕುವಾಗ ಅವರು ಮಾಲೆಯ ತುದಿಯಿಂದಲೇ ಶುರು ಮಾಡಬೇಕಾಗಿಲ್ಲ. ಎಲ್ಲಿಂದ ಹಿಡಿದರೂ ಮೊಣಕೈಯಿಂದ ಬೆರಳ ತುದಿವರೆಗೆ ಒಂದು ಮೊಳ. ಕ್ಲಾಸಿನಲ್ಲಿ ಎಲ್ಲರೂ ತಮ್ಮ ತಮ್ಮ ಮೊಳದಿಂದ ಒಂದೇ ಬೆಂಚು ಅಳೆಯಲಿ. ಒಬ್ಬನಿಗೆ ಮೂರೂವರೆ ಬರುತ್ತದೆ, ಇನ್ನೊಬ್ಬಳಿಗೆ ನಾಲ್ಕು. ಜಗಳ ಶುರು. ಯಾರ ಮೊಳ ಸರಿ? ಚಿಕ್ಕ ಕೈಯವರಿಗೆ ಜಾಸ್ತಿ ಮೊಳ ಯಾಕೆ ಬಂತು? ಉದ್ದ ಕೈಯ ಹೂವಿನವರನ್ನೇ ಹುಡುಕಿಕೊಂಡು ಹೋಗಬೇಕಾ? ಎಲ್ಲರಿಗೂ ಒಂದೇ ಅಳತೆ ಇದ್ದರೆ ವಾಸಿ ಅಂತ ಯಾರಾದರೂ ಹೇಳುವ ಹೊತ್ತಿಗೆ ಸೆಂಟಿಮೀಟರ್ ತನ್ನಷ್ಟಕ್ಕೆ ಬಂದಿರುತ್ತದೆ. ಹಳ್ಳಿ ಶಾಲೆಯಾದರೆ ಗುಂಟೆಯಿಂದಲೂ ಶುರು ಮಾಡಬಹುದು. 33 ಅಡಿಗೆ 33 ಅಡಿ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಬೆಂಗಳೂರಿನ ತರ್ಟಿ ಫಾರ್ಟಿ ಸೈಟು ಒಂದು ಗುಂಟೆಗಿಂತ ದೊಡ್ಡದಾ ಚಿಕ್ಕದಾ ಅಂತ ಮಕ್ಕಳು ಮನೆಯಲ್ಲಿ ಕೇಳಲಿ. ಅಪ್ಪಂದಿರೂ ತಡವರಿಸುತ್ತಾರೆ.

ದೊಡ್ಡ ಮಕ್ಕಳಿಗೆ ಕರೆಂಟ್ ಬಿಲ್ಲಿನಷ್ಟು ಒಳ್ಳೆ ಪಾಠ ಇನ್ನೊಂದಿಲ್ಲ. ಗೃಹಜ್ಯೋತಿಯ ನಿಯಮ ನೋಡಿ. 2022-23ರ ತಿಂಗಳ ಸರಾಸರಿಯ ಮೇಲೆ ಶೇ 10 ಸೇರಿಸಿ ಅಷ್ಟು ಯೂನಿಟ್ ಉಚಿತ. ಅದಕ್ಕಿಂತ ಮೇಲೆ ಹೋದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ಇದರ ಗ್ರಾಫ್ ಎಳೆಯಲು ಎಂಟನೇ ಕ್ಲಾಸಿಗೆ ಹೇಳಿ. ನೆಲ ಹಿಡಿದು ಮಲಗಿದ ಗೆರೆ, ಆಮೇಲೆ ಸಣ್ಣ ಏರು, 200ರ ಹತ್ತಿರ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ತಿಂಗಳ ಕೊನೆಯಲ್ಲಿ ಅಪ್ಪ ಯಾಕೆ ಗೀಸರ್ ಆಫ್ ಮಾಡಿಸುತ್ತಾರೆ ಅಂತ ಆ ಗೋಡೆ ಹೇಳುತ್ತದೆ.

ಅದರಲ್ಲೇ ಇನ್ನೊಂದು ಸ್ವಾರಸ್ಯ ಇದೆ. 2024ರ ಜನವರಿಯಲ್ಲಿ ಸರ್ಕಾರ ನಿಯಮ ಸ್ವಲ್ಪ ಬದಲಿಸಿತು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ 10ರ ಬದಲು ನೇರವಾಗಿ 10 ಯೂನಿಟ್ ಹೆಚ್ಚುವರಿ. ಯಾಕಿರಬಹುದು? ತಿಂಗಳಿಗೆ 150 ಬಳಸುವವರಿಗೆ ಶೇ 10 ಅಂದರೆ 15 ಯೂನಿಟ್. 30 ಬಳಸುವ ಬಡವರಿಗೆ ಮೂರೇ ಯೂನಿಟ್. ಎಲ್ಲರಿಗೂ ಒಂದೇ ಶೇಕಡಾ ಕೊಟ್ಟರೆ ಕಡಿಮೆ ಇರುವವನಿಗೆ ಕಡಿಮೆಯೇ ಸಿಗುತ್ತದೆ. ಶೇಕಡಾ ಪಾಠವನ್ನು ಇಲ್ಲಿಂದ ಶುರು ಮಾಡಿದ ಮಗು ಮುಂದೆ ಸಂಬಳ ಏರಿಕೆಯ ಸುದ್ದಿಯನ್ನೂ ಬೇರೆ ಕಣ್ಣಿನಿಂದ ಓದುತ್ತದೆ.

ಹುಟ್ಟುಹಬ್ಬದ ಒಗಟು ಹೇಳದೆ ಮುಂದೆ ಹೋಗಲಾರೆ. 23 ಜನ ಸೇರಿದರೆ ಅವರಲ್ಲಿ ಇಬ್ಬರದ್ದಾದರೂ ಒಂದೇ ದಿನದ ಹುಟ್ಟುಹಬ್ಬ ಇರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. 40 ಮಕ್ಕಳ ಕ್ಲಾಸಿನಲ್ಲಿ ಸುಮಾರು ಶೇ 89. ಕೇಳಿದ ತಕ್ಷಣ ಯಾರೂ ಒಪ್ಪುವುದಿಲ್ಲ, ಹಾಜರಿ ಪುಸ್ತಕ ತೆಗೆಯಲೇಬೇಕು. ಆದರೆ ನಮ್ಮ ಕಡೆ ಒಂದು ಎಚ್ಚರಿಕೆ. ಹಳೇ ರಿಜಿಸ್ಟರ್ ತೆಗೆದರೆ ಅರ್ಧ ಊರು ಜೂನ್ 1ಕ್ಕೆ ಹುಟ್ಟಿರುತ್ತದೆ! ಶಾಲೆಗೆ ಸೇರಿಸುವಾಗ ತಾರೀಖು ನೆನಪಿಲ್ಲದಿದ್ದರೆ ಮೇಷ್ಟ್ರು ಬರೆದುಕೊಳ್ಳುತ್ತಿದ್ದದ್ದು ಅದನ್ನೇ. ನಮ್ಮ ಚಿಕ್ಕಪ್ಪಂದಿರಲ್ಲಿ ಇಬ್ಬರು ಹೀಗೆ ಜೂನ್ 1ರವರು. ಇದೂ ಪಾಠವೇ. ಅಂಕಿಅಂಶ ಅಂತ ಕಾಗದದ ಮೇಲಿರುವುದೆಲ್ಲ ಹುಟ್ಟಿದ್ದು ಹೇಗೆ ಅಂತ ಕೇಳಬೇಕು.

ಇಂಥ ಗಣಿತ ನಮ್ಮ ನೆಲಕ್ಕೆ ಹೊರಗಿನಿಂದ ಬಂದದ್ದೂ ಅಲ್ಲ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದ ಆರಂಭದಲ್ಲೇ ಗಣಿತ ಎಲ್ಲೆಲ್ಲಿ ಬೇಕು ಅಂತ ಪಟ್ಟಿ ಕೊಡುತ್ತಾನೆ. ಸಂಗೀತ, ನಾಟಕ, ವೈದ್ಯ, ವಾಸ್ತುವಿನ ಜೊತೆ ಅಡುಗೆಯೂ ಅದರಲ್ಲಿದೆ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದಾಗ ಪುಸ್ತಕಕ್ಕಿಟ್ಟ ಹೆಸರೇ 'ವ್ಯವಹಾರಗಣಿತ'.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ನಾನೇ ಒಂದು ತಡೆ ಹಾಕಬೇಕು. ದೋಸೆ, ಮೊಳ, ಬಿಲ್ಲು ಅಷ್ಟಕ್ಕೇ ನಿಂತರೆ ಮಗು ಕೋಲ್ಕತ್ತಾದ ಮಾರುಕಟ್ಟೆಯಲ್ಲೇ ಉಳಿಯುತ್ತದೆ. ಕೈಲೆಕ್ಕದ ಜಾಣತನ ಒಂದು ಮಟ್ಟದವರೆಗೆ ಮಾತ್ರ. ಏಣಿ ಹತ್ತಿ 350 ತಲುಪಿದ ಹುಡುಗನಿಗೆ 35ನ್ನು 1,000ದಿಂದ ಗುಣಿಸು ಅಂದರೆ ಏಣಿ ಸಾಲುವುದಿಲ್ಲ. ಅಲ್ಲಿ ಸೊನ್ನೆಯ ಉಪಾಯವೇ ಬೇಕು. ಗಣಿತದ ಶಕ್ತಿ ಇರುವುದೇ ದೋಸೆಯನ್ನು ಬಿಟ್ಟು ವೃತ್ತವನ್ನು ಹಿಡಿಯುವುದರಲ್ಲಿ.

ಆಟ ಆಡಿಸಿದರೆ ಸಾಕು ಅನ್ನುವುದೂ ಸುಳ್ಳು. ಮೇಲೆ ಹೇಳಿದ ತಂಡದ ಕೆಲವರೇ ದೆಹಲಿಯ ಬಾಲವಾಡಿಗಳಲ್ಲಿ 1,500ಕ್ಕೂ ಹೆಚ್ಚು ಮಕ್ಕಳಿಗೆ ಗಣಿತದ ಆಟ ಆಡಿಸಿ ನೋಡಿದ್ದರು. 2017ರಲ್ಲಿ ಅದರ ಫಲಿತಾಂಶ ಬಂತು. ಯಾವ ಗುಂಪು ದೊಡ್ಡದು, ಯಾವ ಆಕಾರ ಬೇರೆ ಅನ್ನುವ ಅಂದಾಜಿನಲ್ಲಿ ಮಕ್ಕಳು ಚುರುಕಾದರು. ಒಂದು ವರ್ಷದ ಮೇಲೂ ಆ ಚುರುಕು ಉಳಿದಿತ್ತು. ಆದರೆ ಒಂದನೇ ಕ್ಲಾಸಿನ ಗಣಿತಕ್ಕೆ ಅದರಿಂದ ಲಾಭವಾಗಲಿಲ್ಲ. ಇನ್ನೊಂದು ಕಡೆ, 2008ರಲ್ಲಿ ಅಮೆರಿಕದ ಓಹಾಯೋದ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಲ್ಲಿ ನೋಡಿದಾಗ, ಒಂದು ಹೊಸ ನಿಯಮವನ್ನು ನೀರಿನ ಲೋಟ, ಪಿಜ್ಜಾ ತುಂಡಿನ ಮೂಲಕ ಕಲಿತವರಿಗಿಂತ ಬರೀ ಚಿಹ್ನೆಗಳಲ್ಲಿ ಕಲಿತವರೇ ಅದನ್ನು ಹೊಸ ಜಾಗಕ್ಕೆ ಚೆನ್ನಾಗಿ ಒಯ್ದರು. ಇದರ ಬಗ್ಗೆ ಆಮೇಲೆ ವಾದವಿವಾದ ಆಗಿದೆ. ಚಿಕ್ಕ ಮಕ್ಕಳಿಗೆ ಇದನ್ನು ಹಾಗೇ ಅನ್ವಯಿಸುವುದು ಸರಿಯಲ್ಲ. ಆದರೂ ಪಿಜ್ಜಾ ತೋರಿಸಿದವನು ಪಿಜ್ಜಾವನ್ನು ಯಾವಾಗ ಎತ್ತಿಡಬೇಕು ಅನ್ನುವ ಪ್ರಶ್ನೆ ಉಳಿಯುತ್ತದೆ. ಡಚ್ಚರಲ್ಲೂ ಹೊಸ ಕ್ರಮ, ಹಳೇ ಕ್ರಮ ಅಂತ ದೊಡ್ಡ ಜಗಳ ನಡೆಯಿತು. 2009ರಲ್ಲಿ ಅಲ್ಲಿನ ರಾಯಲ್ ಅಕಾಡೆಮಿ ಎರಡನ್ನೂ ತೂಗಿ ನೋಡಿ, ಒಂದು ಇನ್ನೊಂದಕ್ಕಿಂತ ಮೇಲು ಅನ್ನಲು ಗಟ್ಟಿ ಪುರಾವೆ ಇಲ್ಲ ಅಂದಿತು. ಕಲಿಸುವವರಿಗೆ ವಿಷಯ ಎಷ್ಟು ಗೊತ್ತು ಅನ್ನುವುದರ ಕಡೆಗೆ ಬೆರಳು ತೋರಿಸಿತು.

ಅಲ್ಲೇ ನಮ್ಮ ಗಂಟೂ ಇರುವುದು. ಅಸರ್ 2024ರ ಪ್ರಕಾರ ದೇಶದ ಗ್ರಾಮೀಣ ಭಾಗದಲ್ಲಿ ಐದನೇ ಕ್ಲಾಸಿನ ಶೇ 31ರಷ್ಟು ಮಕ್ಕಳು ಮಾತ್ರ ಭಾಗಾಕಾರ ಮಾಡಬಲ್ಲರು. ಹೀಗಿರುವಾಗ ಮೇಷ್ಟ್ರಿಗೆ ಗಾಬರಿ ಸಹಜ. ಮೊಳ ಅಳೆಯುತ್ತಾ ಒಂದು ಪಿರಿಯಡ್ ಕಳೆದರೆ ಸಿಲಬಸ್ ಮುಗಿಸುವುದು ಯಾರು? ಇಬ್ಬರೇ ಶಿಕ್ಷಕರು ಐದು ಕ್ಲಾಸು ನೋಡಿಕೊಳ್ಳುವ ಶಾಲೆಗೆ ಹೋಗಿ "ಕುತೂಹಲ ಕೆರಳಿಸಿ" ಅಂತ ಭಾಷಣ ಮಾಡುವುದು ಸುಲಭ. ಗಣಿತದ ಕಿಟ್ಟು ಬೀರುವಿನೊಳಗೇ ಕೂತಿರುವ ಶಾಲೆಯೊಂದನ್ನು ನೋಡಿದ್ದೇನೆ. ಏನಾದರೂ ಕಳೆದುಹೋದರೆ ಲೆಕ್ಕ ಕೊಡಬೇಕಲ್ಲ ಅಂತ ಬೀಗ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಆದರೆ ಸೇತುವೆಗೆ ಕಿಟ್ಟಾಗಲಿ ಪಿರಿಯಡ್ಡಾಗಲಿ ಬೇಕೇಬೇಕು ಅಂತಿಲ್ಲ. ಎಷ್ಟೋ ಸಲ ಒಂದು ಪದ ಸಾಕು. 3/4 ಬರೆದಾಗ ಒಂದು ಸಲ "ಮುಕ್ಕಾಲು" ಅಂತ ಓದಿದರೆ ಅರ್ಧ ಸೇತುವೆ ಆಯಿತು. ಒಂದೂವರೆ, ಎರಡೂಕಾಲು ಅನ್ನುವ ಪದಗಳೇ ಮಿಶ್ರ ಭಿನ್ನರಾಶಿ. ಕನ್ನಡ ಅವನ್ನು ಪೂರ್ಣ ಮೊದಲು, ಭಾಗ ಆಮೇಲೆ ಅಂತ ಬರೆಯುವ ಕ್ರಮದಲ್ಲೇ ಹೇಳುತ್ತದೆ. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ್ದು ಇದನ್ನೇ. ಮೊದಲು ಕೈ, ಆಮೇಲೆ ಚಿತ್ರ, ಆಮೇಲೆ ಚಿಹ್ನೆ. ಲೋಟ, ಲೋಟದ ಚಿತ್ರ, 3/4. ನಮ್ಮಲ್ಲಿ ಅಡುಗೆಮನೆಯಲ್ಲಿ ಕೈ ಇದೆ, ಶಾಲೆಯಲ್ಲಿ ಚಿಹ್ನೆ ಇದೆ, ನಡುವಿನದ್ದು ಕಾಣೆ.

ಅವತ್ತು ಸಂಜೆ ಅಕ್ಕ ಬಾಗಿಲಿಗೆ ನೀರು ಹಾಕಿ, ರಂಗೋಲಿಗೆ ಚುಕ್ಕಿ ಇಡಲು ಮಗಳಿಗೆ ಹೇಳಿ ಒಳಗೆ ಹೋದಳು. ಏಳರಿಂದ ಒಂದರವರೆಗೆ, ಸಂದಿನಲ್ಲಿ ಚುಕ್ಕಿ. ನಡುವೆ ಏಳು, ಮೇಲೆ ಆರು, ಐದು ಅಂತ ಒಂದಕ್ಕೆ ಬಂದು ನಿಲ್ಲುವುದು, ಕೆಳಗೂ ಹಾಗೆಯೇ. ಒಟ್ಟು ಎಷ್ಟು ಚುಕ್ಕಿ ಅಂತ ಕೇಳಿದೆ. ಸಾಲು ಸಾಲಾಗಿ ಕೂಡಿಸಿ ನಲವತ್ತೊಂಬತ್ತು ಅಂದಳು. ತಲೆ ಓರೆ ಮಾಡಿ ನೋಡು ಅಂದೆ. ಓರೆಯಾಗಿ ಒಂದು ಸಾಲು ಎಣಿಸಿದಳು, ಏಳು. ಪಕ್ಕದ್ದು, ಏಳು. ಅದರ ಪಕ್ಕದ್ದೂ ಏಳು.

"ಮಾಮ, ಇದು ಏಳೇಳ್ಲಿ!"

ಆಮೇಲೆ ನನ್ನನ್ನು ಬಿಡಲಿಲ್ಲ. ಸಂದು ಬಿಟ್ಟು ಚುಕ್ಕಿಯ ಮೇಲೆ ಚುಕ್ಕಿ ಬರುವ ಹಾಗೆ ನೇರ ಸಾಲು ಹಾಕಿದಳು. ನಡುವೆ ಏಳು, ಆಚೀಚೆ ಐದು, ಮೂರು, ಒಂದು. ಇಪ್ಪತ್ತೈದು ಬಂತು. ಐದೈದ್ಲಿ ಅಂತ ಕುಣಿದಳು. ಓರೆ ನೋಡಿದರೆ ಐದು ಎಲ್ಲೂ ಇಲ್ಲ. ಒಂದು ಸಾಲಿನಲ್ಲಿ ನಾಲ್ಕು, ಮುಂದಿನದರಲ್ಲಿ ಮೂರು, ಮತ್ತೆ ನಾಲ್ಕು, ಮತ್ತೆ ಮೂರು. ನಾಲ್ಕರ ಸಾಲು ನಾಲ್ಕು, ಮೂರರ ಸಾಲು ಮೂರು. ತುಂಬ ಹೊತ್ತು ಅದನ್ನೇ ದಿಟ್ಟಿಸಿ ಕೂತಳು. "ಹಂಗಾದ್ರೆ ಒಂಬತ್ತರಿಂದ ಶುರು ಮಾಡಿದ್ರೆ ಐದೈದ್ಲಿ, ನಾಕ್ನಾಕ್ಲಿ, ನಲವತ್ತೊಂದು ಬರಬೇಕು, ಅಲ್ವಾ?" ನಾನು ಏನೂ ಹೇಳಲಿಲ್ಲ. ಚುಕ್ಕಿ ಇಟ್ಟು ಎಣಿಸಿದಳು. ಆಮೇಲೆ ರಂಗೋಲಿ ಪುಡಿ ಚಿಟಿಕೆಯಲ್ಲಿ ಹಿಡಿದು, ಚುಕ್ಕಿಗಳ ಪಕ್ಕದಲ್ಲಿ ನೆಲದ ಮೇಲೆ ದಪ್ಪ ಅಕ್ಷರದಲ್ಲಿ 5×5 + 4×4 = 41 ಅಂತ ಬರೆದಳು.

ಅಕ್ಕ ದೀಪ ಹಿಡಿದುಕೊಂಡು ಹೊರಗೆ ಬಂದವಳು ನೋಡಿ, "ಬಾಗಿಲ ಮುಂದೆ ಹೂವು ಬಿಡೇ ಅಂದ್ರೆ ಲೆಕ್ಕ ಬರ್ದಿದೀಯಲ್ಲೇ" ಅಂತ ಬೈದಳು. ಹುಡುಗಿ ಆಗಲೇ ಹನ್ನೊಂದರ ಸಾಲು ಇಡುತ್ತಿದ್ದಳು.